ಆರದ ಚುಟ್ಟ

ಗುಬ್ಬಿ,
೨೪ ಸೆಪ್ಟೆಂಬರ್ ೨೦೨೫, ಬುಧವಾರ

ಪ್ರೀತಿಯ ತಮ್ಮ ಚಿ|| ತಿಮ್ಮರಾಜುವಿಗೆ ಅಕ್ಕ ಸಿದ್ದಗಂಗಮ್ಮನ ಆಶೀರ್ವಾದ.

ಹೇಗಿದ್ದೀಯೋ? ಮೊದಲು ಅದನ್ನು ಹೇಳು, ಮಿಕ್ಕಿದ್ದೆಲ್ಲ ಆಮೇಲೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಚಳಿ ಶುರುವಾಗುವ ಮುಂಚೆಯೇ ನಿನಗೆ ಹಿಮ್ಮಡಿ ಒಡೆಯುತ್ತದೆ, ಮಲಗುವಾಗ ಹರಳೆಣ್ಣೆ ಸವರಿಕೋ ಎಂದು ಪ್ರತಿ ಸಲ ಬರೆಯುತ್ತೇನೆ, ಈ ಸಲವೂ ಬರೆದಿದ್ದೇನೆ. ಕನ್ನಡಕ ಮಾಡಿಸಿಕೊಂಡೆಯಾ? ಹಳೆಯದನ್ನು ಟೀವಿ ಮೇಲೇ ಬಿಟ್ಟು ಹೋಗಿದ್ದೀಯ. ಅದಿಲ್ಲದಿದ್ದರೆ ನಿನಗೆ ಬಸ್ಸಿನ ಬೋರ್ಡೂ ಕಾಣುವುದಿಲ್ಲ. ಅದಕ್ಕೇ ಈ ಕಾಗದವನ್ನು ಅಂಗನವಾಡಿ ಗೋಡೆ ಮೇಲೆ ಬರೆಯುತ್ತಿದ್ದ ಹಾಗೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅಷ್ಟಾದರೂ ಕಾಣದಿದ್ದರೆ ಕನ್ನಡ ಬರುವವರು ಯಾರ ಕೈಲಾದರೂ ಓದಿಸಿಕೋ, ಅದರಲ್ಲಿ ನಾಚಿಕೆಯೇನೂ ಇಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವಿಲ್ಲ ಕಣೋ. ಮೈಯಲ್ಲಿ ಮಂಡಿ ನೋವು ಬಿಟ್ಟರೆ ನನಗೆ ಇನ್ನೇನೂ ಇಲ್ಲ, ಆದರೆ ಕ್ಷೇಮ ಅನ್ನುವುದು ಬರೀ ಮೈಗೆ ಸೇರಿದ ಮಾತಲ್ಲವಲ್ಲ.

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. "ಕುಣಿಗಲ್‌ಗೆ ಹೋಗ್‌ಬುಟ್ಟು ಸಂಜೆಗೆ ಬರ್ತೀನಿ" ಎಂದು ತುಮಕೂರಿನಲ್ಲಿ ಬಸ್ಸು ಹತ್ತಿದವನು ನೀನು. ಕುಣಿಗಲ್ಲಿನಲ್ಲಿ ನೀನು ಇಳಿದದ್ದನ್ನು ಕಂಡವರು ಇವತ್ತಿಗೂ ಯಾರೂ ಸಿಕ್ಕಿಲ್ಲ. ಆ ಸಂಜೆ ಮುಗಿಯದೆ ಆರು ವರ್ಷವಾಯಿತು. ಪೊಲೀಸರಿಗೆ ಹೇಳಿ, ಪೇಪರಿನಲ್ಲಿ ಫೋಟೋ ಹಾಕಿಸಿ, ಯಡಿಯೂರಿನ ದಾಸೋಹದ ಸಾಲಿನಲ್ಲಿ ಕೂತವರ ಮುಖವನ್ನೆಲ್ಲ ಒಬ್ಬೊಬ್ಬರದಾಗಿ ನೋಡಿ, ದೇವರಾಯನದುರ್ಗದ ಮೆಟ್ಟಿಲ ಮೇಲೆ ಮಲಗಿದ್ದವರ ಹೊದಿಕೆ ಸರಿಸಿ ಬೈಸಿಕೊಂಡಿದ್ದೂ ಆಯಿತು. ಆಮೇಲೆ ನಮ್ಮ ಬೀದಿಯಲ್ಲಿ ಸೀರೆ ವ್ಯಾಪಾರ ಮಾಡುವ ನರಸಿಂಹಯ್ಯ ಬಂದು, ಹಿಂದೂಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಿನ್ನಂಥವನೊಬ್ಬ ಲೋಟ ತೊಳೆಯುತ್ತಿದ್ದ ಎಂದ. ನಾನು, ನಿನ್ನ ಹೆಂಡತಿ ಗಂಗರತ್ನ, ಅವಳ ಅಣ್ಣ ರಾಮಾಂಜಿನಯ್ಯ ಮೂವರೂ ಹೋದೆವು. ಹೋಟೆಲಿನವನು ಫೋಟೋವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ, ಇರಬಹುದು ಎಂದ. ಅಂಥವನೊಬ್ಬ ಬರುತ್ತಾನೆ, ನಾಲ್ಕು ದಿನ ಕೆಲಸ ಮಾಡುತ್ತಾನೆ, ಹೇಳದೆ ಹೋಗುತ್ತಾನೆ, ಕಾಗದ ಬರೆದರೆ ಇಟ್ಟಿರುತ್ತೇನೆ ಎಂದ. ವಾಪಸ್ ಬರುವ ಬಸ್ಸಿನಲ್ಲಿ ರಾಮಾಂಜಿನಯ್ಯ "ಅವ್ನಲ್ಲ ಬುಡಿ" ಎಂದು ತೀರ್ಪು ಕೊಟ್ಟು ನಿದ್ದೆ ಹೋದ. ನಾನು ಮಾತ್ರ ಆ ವಿಳಾಸಕ್ಕೆ ಬರೆಯುತ್ತಲೇ ಇದ್ದೇನೆ. ಉತ್ತರ ಬಂದಿಲ್ಲ. ಆದರೆ ಬರೆದ ಕಾಗದಗಳಲ್ಲಿ ಒಂದೂ ವಾಪಸ್ ಬಂದಿಲ್ಲ. ಪೋಸ್ಟ್‌ಮ್ಯಾನ್ ನಮ್ಮ ಮನೆ ದಾಟಿ ಹೋದ ದಿನವೆಲ್ಲ ನಾನು ಒಂದು ತುತ್ತು ಹೆಚ್ಚಿಗೆ ಉಣ್ಣುತ್ತೇನೆ.

ಈಗ ಸುದ್ದಿ. ನಿನ್ನ ಮಗಳು ಸುಮನಾಗೆ ಗಂಡು ಗೊತ್ತಾಗಿದೆ. ಹುಡುಗ ಅಮೃತೂರಿನವನು, ಕುಣಿಗಲ್ಲಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ. ಇವಳು ತುಮಕೂರಿನ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳಲ್ಲ, ಅಲ್ಲಿಂದಲೇ ಪರಿಚಯವಂತೆ. ಎತ್ತರ ಇದ್ದಾನೆ, ನಕ್ಕರೆ ನೋಡುವ ಹಾಗಿದ್ದಾನೆ, ನನ್ನ ಕಾಲಿಗೆ ಬಿದ್ದಾಗ ಮಂಡಿಗೆ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿದ. ನಿನಗೆ ಒಪ್ಪಿಗೆಯಾಗುವ ಅಳಿಯ. ಆದರೆ ಅವನ ಕಡೆಯವರು ಮಾತುಕತೆಗೆ ಬಂದಾಗ ಎರಡೇ ಮಾತಿನಲ್ಲಿ ಕೇಳಿದರು. "ಹುಡ್ಗಿ ತಂದೆ ಇದಾರೆ ಅಂದ್ರೆ ತೋರ್ಸಿ, ಇಲ್ಲ ಅಂದ್ರೆ ಇಲ್ಲ ಅನ್ನಿ. ಎರಡೂ ಅಲ್ಲ ಅಂದ್ರೆ ನಾವು ನೆಂಟ್ರಿಗೆ ಏನಂತ ಹೇಳಣ?" ಅವರದೇನೂ ತಪ್ಪಿಲ್ಲ. ಇದಕ್ಕೆ ಮುಂಚೆ ಎರಡು ಸಂಬಂಧ ಇದೇ ಪ್ರಶ್ನೆಗೆ ಮುರಿದುಬಿದ್ದಿವೆ. ಸತ್ತ ಅಪ್ಪನ ಮಗಳನ್ನು ಜನ ತಂದುಕೊಳ್ಳುತ್ತಾರೆ, ಓಡಿಹೋದ ಅಪ್ಪನ ಮಗಳನ್ನು ತಂದುಕೊಳ್ಳಲು ಯೋಚನೆ ಮಾಡುತ್ತಾರೆ. ಸುಮನಾ ಯಾರ ಮುಂದೆಯೂ ಅಳುವುದಿಲ್ಲ, ನಿನ್ನ ಥರವೇ ಬಾಯಿ ಬಿಡದ ಪ್ರಾಣಿ, ಊಟ ಬಿಡುತ್ತಾಳೆ ಅಷ್ಟೆ.

ಪಕ್ಷದ ಹಬ್ಬಕ್ಕೆ ಹಿಂದಿನ ಅಮಾವಾಸ್ಯೆಯ ದಿನ ಗಂಗರತ್ನ ಒಬ್ಬಳೇ ಗುಬ್ಬಿಗೆ ಬಂದಳು. ಅವಳು ಬರುವುದೇ ಅಪರೂಪ, ಬಂದರೂ ನಿನ್ನ ಚುಟ್ಟದ ಪೆಟ್ಟಿಗೆ ಇರುವ ಕೋಣೆಗೆ ಕಾಲಿಡುವುದಿಲ್ಲ. ಅವತ್ತು ನೇರವಾಗಿ ಅಲ್ಲಿಗೇ ಬಂದು, ನಾನು ಪೆಟ್ಟಿಗೆ ಮುಂದೆ ಕೂತು ಚುಟ್ಟಗಳನ್ನು ಮಗುಚುತ್ತಿದ್ದುದನ್ನು ನೋಡುತ್ತಾ ನಿಂತಳು. ಈ ಪೆಟ್ಟಿಗೆಯ ಕೆಲಸವನ್ನು ನಾನು ಬಿಟ್ಟಿಲ್ಲ ಕಣೋ. ರಸ್ತೆ ಅಗಲ ಮಾಡುವಾಗ ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ನಿನ್ನ ಬೀಡಾ ಅಂಗಡಿ ಹೋಗಿ, ಹಲಸಿನ ಹಲಗೆಯ ಆ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ಬಂದು ನನ್ನ ಮನೆಯಲ್ಲಿ ಇಳಿಸಿದೆಯಲ್ಲ, "ಒಂದ್ ವರ್ಷ ಇರ್ಲಿ ಕಣಕ್ಕ, ಹದಕ್ಕೆ ಬರ್ಲಿ, ಆಮೇಲೆ ಹೊಸ ಅಂಗಡಿ ನೋಡಣ" ಎಂದೆಯಲ್ಲ, ಆವತ್ತು ನೀನು ಹೇಳಿಕೊಟ್ಟ ಹಾಗೇ ಮಾಡಿಕೊಂಡು ಬಂದಿದ್ದೇನೆ. ಪ್ರತಿ ಅಮಾವಾಸ್ಯೆಗೆ ಮೇಲಿನ ಸಾಲು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ಮೂಲೆಯಲ್ಲಿ ನೀರಿನಲ್ಲಿ ನೆನೆಸಿ ಒರೆಸಿದ ಬೋಕಿ, ಒಡೆದ ಮಡಕೆಯ ಚೂರು. ಹೆಚ್ಚು ತೇವವಾದರೆ ಬೂಷ್ಟು, ಕಡಿಮೆಯಾದರೆ ಎಲೆ ಪುಡಿಪುಡಿ. ಒಂದು ಮಾತ್ರ ಈಗಲೂ ನೆನೆದು ನಗುತ್ತೇನೆ. ನೀನು ಅಂಗಡಿಯಿಟ್ಟ ಹೊಸತರಲ್ಲಿ ಹುಳು ಬೀಳದಿರಲೆಂದು ನಾನು ರಾಗಿಗೆ ಹಾಕುವ ಹಾಗೆ ನಿನ್ನ ಡಬ್ಬದೊಳಗೆ ಒಣಗಿದ ಬೇವಿನ ಸೊಪ್ಪು ತುಂಬಿದ್ದೆ. ಚುಟ್ಟವೆಲ್ಲ ಬೇವಿನ ವಾಸನೆ ಹಿಡಿದು, ಸೇದಿದವರೆಲ್ಲ ಬಾಯಿ ತೊಳೆಯಲು ಓಡಿದ್ದರು. "ಅಕ್ಕ, ಇದು ರಾಗಿ ಅಲ್ಲ ಕಣೆ, ಇದಕ್ಕೆ ಮೂಗೈತೆ" ಎಂದಿದ್ದೆ ನೀನು. ಬೈಯಲಿಲ್ಲ. ನೀನು ಯಾರನ್ನೂ ಬೈದವನಲ್ಲ, ಬೈದಿದ್ದರೆ ಒಳ್ಳೆಯದಿತ್ತೇನೋ.

ಜನ ನಿನ್ನನ್ನು ನೋಡಿ ನಗುತ್ತಿದ್ದುದು ನನಗೆ ಗೊತ್ತಿತ್ತು. ಕುಣಿಗಲ್ ಸಂತೆಯಲ್ಲಿ ಎಲ್ಲಕ್ಕಿಂತ ಅಗ್ಗದ ಚುಟ್ಟದ ಕಟ್ಟು ಹುಡುಕಿ ತರುತ್ತಿದ್ದೆ. ತಂದ ದಿನ ಅವು ದನದ ಗಂಜಲದ ಹಾಗೆ ಮೂಗಿಗೆ ಹೊಡೆಯುತ್ತಿದ್ದವು, ಗಂಗರತ್ನ ಮೂಗಿಗೆ ಸೆರಗು ಹಿಡಿದುಕೊಂಡೇ ಅಡುಗೆ ಮಾಡುತ್ತಿದ್ದಳು. ಅವನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು, ಘಾಟೆಲ್ಲ ಇಳಿದ ಮೇಲೆ, ಗೊತ್ತಿರುವ ನಾಲ್ಕಾರು ಗಿರಾಕಿಗಳಿಗೆ ಮಾತ್ರ ಕೊಡುತ್ತಿದ್ದೆ, ಅದೂ ಕೊಂಡ ರೇಟಿಗೇ. ಅಗ್ಗದ್ದು ಅಂತ ಏನೂ ಇಲ್ಲ, ಅವಸರದ್ದು ಅಂತ ಇದೆ ಎನ್ನುತ್ತಿದ್ದೆ. ಅಂಗಡಿ ಹೋದ ಮೇಲೆ ಮಾತು ಕಡಿಮೆ ಮಾಡಿದೆ, ಆಮೇಲೆ ಮೀಸೆ ಟ್ರಿಮ್ ಮಾಡುವುದನ್ನು ಬಿಟ್ಟೆ, ಆಮೇಲೆ ಬಸ್ಸು ಹತ್ತಿದೆ. ಎಲ್ಲದಕ್ಕೂ ಕಾಯುವವನು ನಿನ್ನ ವಿಷಯಕ್ಕೆ ಬಂದಾಗ ಯಾಕೋ ಅಷ್ಟು ಅವಸರ ಮಾಡಿದೆ? ಈ ಪ್ರಶ್ನೆಯನ್ನು ನಾನು ಗೋಡೆಗೆ ಕೇಳಿದ್ದೇನೆ, ಗಿಡಕ್ಕೆ ಕೇಳಿದ್ದೇನೆ, ಇನ್ನು ಕೇಳಲು ಯಾರೂ ಉಳಿದಿಲ್ಲ.

ಗಂಗರತ್ನ ಬಂದ ವಿಷಯ ಹೇಳುತ್ತಿದ್ದೆ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತು, ನನ್ನ ಮುಖ ನೋಡದೆ ಹೇಳಿದಳು. "ಅಕ್ಕ, ನಾನು ಮುಂಡೆ ಆಗಕ್ಕೆ ನಿಮ್ಮ ಒಪ್ಪಿಗೆ ಕೇಳಕ್ಕೆ ಬಂದಿದೀನಿ." ತಿಮ್ಮ, ಆ ಮಾತು ಕೇಳಿ ನನ್ನ ಕೈಲಿದ್ದ ಚುಟ್ಟ ಮುರಿದುಹೋಯಿತು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ನಿನ್ನ ಫೋಟೋವನ್ನೂ ಇಟ್ಟು ನಿನಗೂ ಎಡೆ ಇಡುವುದೆಂದು ಅವಳ ಅಣ್ಣ ಹೇಳಿದ್ದನಂತೆ. ಎಡೆ ಇಟ್ಟುಬಿಟ್ಟರೆ ಊರಿಗೂ ಒಂದು ಲೆಕ್ಕ ಸಿಗುತ್ತದೆ, ಗಂಡಿನ ಕಡೆಯವರಿಗೂ ಉತ್ತರ ಸಿಗುತ್ತದೆ. ನನಗೆ ಕೋಪ ಬಂತು. ಆರು ವರ್ಷ ನನ್ನ ತಮ್ಮನಿಗಾಗಿ ಕಾದ ನನ್ನನ್ನು ಕೇಳದೆ ಅವನನ್ನು ಸಾಯಿಸಲು ರಾಮಾಂಜಿನಯ್ಯ ಯಾರು ಎಂದು ಕೂಗಾಡಿದೆ. ಅವಳು ತಿರುಗಿ ಕೂಗಲಿಲ್ಲ. ಅರಿಶಿನ ಕುಂಕುಮಕ್ಕೆ ಹೋದರೆ ತಟ್ಟೆ ಹಿಡಿದು ಸಾಲಾಗಿ ಬರುವ ಹೆಂಗಸು ತನ್ನ ಮುಂದೆ ಬಂದಾಗ ಒಂದು ಗಳಿಗೆ ಕೈ ತಡೆಯುತ್ತಾಳೆ, ಕೊಡಬೇಕೋ ಬೇಡವೋ ಎಂದು ಪಕ್ಕದವಳ ಮುಖ ನೋಡುತ್ತಾಳೆ, ಆ ಒಂದು ಗಳಿಗೆಯನ್ನು ತನಗೆ ಇನ್ನು ತಡೆಯಲಾಗುವುದಿಲ್ಲ ಎಂದಳು. "ಕುಂಕುಮ ಇಟ್ರೆ ಇಡ್ಲಿ, ಇಲ್ದಿದ್ರೆ ಮುಂದಕ್ಕೆ ಹೋಗ್ಲಿ, ಹಂಗೆ ನಿಂತ್ಕತಾರಲ್ಲ ಅಕ್ಕ" ಎಂದಳು.

ಎಷ್ಟು ಒಳ್ಳೆಯ ಹೆಂಗಸನ್ನು ಬಿಟ್ಟು ಹೋದೆಯೋ ಪಾಪಿ. ಆದರೂ ನನ್ನ ಮನಸ್ಸು ಬಾಗಲಿಲ್ಲ, ಒಂದು ಉಪಾಯ ಹೂಡಿತು. ನಿನಗೆ ನೆನಪಿರಬೇಕು, ನಮ್ಮ ತಾತನಿಗೆ ಎಡೆ ಇಡುವಾಗ ಅಪ್ಪ ಪ್ರತಿ ವರ್ಷವೂ ಒಂದು ಚುಟ್ಟ ಹಚ್ಚಿ ಎಲೆಯ ಪಕ್ಕ ಇಡುತ್ತಿದ್ದರು. ಪ್ರತಿ ವರ್ಷವೂ ಅದು ಕಾಲು ಭಾಗಕ್ಕೇ ಆರಿಹೋಗುತ್ತಿತ್ತು. "ಎರಡು ದಮ್ಮು ಸಾಕಂತೆ ತಾತಂಗೆ" ಎಂದು ಅಪ್ಪ ನಗುತ್ತಿದ್ದರು. ಎಳೆಯುವ ಬಾಯಿಲ್ಲದಿದ್ದರೆ ಚುಟ್ಟ ಉರಿಯುವುದಿಲ್ಲ, ಅದು ಮೂರು ವರ್ಷದ ಕೂಸಿಗೂ ಗೊತ್ತು. ಹಾಗಾಗಿ ಗಂಗರತ್ನಳಿಗೆ ಹೇಳಿದೆ: ಆಗಲಿ, ಎಡೆ ಇಡೋಣ. ಆದರೆ ಅವನ ಪೆಟ್ಟಿಗೆಯ ಚುಟ್ಟವನ್ನು ನಾನೇ ತರುತ್ತೇನೆ, ನಾನೇ ಹಚ್ಚುತ್ತೇನೆ. ತಿಮ್ಮರಾಜು ಒಂದು ಚುಟ್ಟವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಅವನು ಬಂದದ್ದೇ ನಿಜವಾದರೆ ಕೊನೆಯವರೆಗೂ ಸೇದಿಯೇ ಏಳುತ್ತಾನೆ. ನಡುವೆ ಆರಿದರೆ ಅವನು ಬಂದಿಲ್ಲ, ಸತ್ತಿಲ್ಲ, ಇನ್ನು ಮೇಲೆ ಯಾರೂ ಎಡೆಯ ಮಾತೆತ್ತಬಾರದು. ಗಂಗರತ್ನ "ಆಯ್ತಕ್ಕ. ಅವ್ರು ಅರ್ಧಕ್ಕೆ ಬಿಟ್ಟಿದ್ದು ಅಂದ್ರೆ ನನ್ನೊಬ್ಬಳ್ನೇ" ಎಂದು ಎದ್ದಳು. ನನಗೆ ಗೆದ್ದ ಖುಷಿಯಲ್ಲಿ ಆ ಮಾತು ಸರಿಯಾಗಿ ಕಿವಿಗೆ ಬೀಳಲಿಲ್ಲ, ಅವಳ ಬಸ್ಸು ಹೋದ ಮೇಲೆ ಬಿತ್ತು.

ಭಾನುವಾರ ತುಮಕೂರಿಗೆ ಹೋದೆ. ಬಾಡಿಗೆ ಮನೆ ಅದೇ, ಮೊದಲನೇ ಮಹಡಿಯದು. ನಡುಮನೆಯಲ್ಲಿ ಗೋಡೆಗೆ ಒರಗಿಸಿ ಅಪ್ಪ ಅಮ್ಮನ ಫೋಟೋ, ಗಂಗರತ್ನಳ ಅತ್ತೆ ಮಾವ ಅಂದರೆ ಅವರೇ ತಾನೆ, ಅದರ ಪಕ್ಕದಲ್ಲಿ ನಿನ್ನದು. ಪೇಪರಿನಲ್ಲಿ ಹಾಕಿಸಿದ್ದೆವಲ್ಲ, ಅದೇ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದಾರೆ. ಅದಕ್ಕೆ ಇನ್ನೂ ಹೂವಿನ ಹಾರ ಹಾಕಿರಲಿಲ್ಲ, ಹಾರವನ್ನು ಪಕ್ಕದ ತಟ್ಟೆಯಲ್ಲಿ ಇಟ್ಟಿದ್ದರು. ನನ್ನ ಷರತ್ತಿಗೆ ಮರ್ಯಾದೆ ಕೊಟ್ಟಿದ್ದರು ಅನ್ನು. ಮೂರು ಬಾಳೆ ಎಲೆ, ನಾಟಿ ಕೋಳಿ ಸಾರು, ಮುದ್ದೆ, ಒಬ್ಬಟ್ಟು, ಚಕ್ಕುಲಿ, ನಿನಗೆ ಅಂತ ಹೊಸ ಪಂಚೆ ಟವೆಲ್ಲು. ರಾಮಾಂಜಿನಯ್ಯ ಜೇಬಿನಿಂದ ಒಂದು ಪ್ಯಾಕ್ ಸಿಗರೇಟು ತೆಗೆದು ನಿನ್ನ ಎಲೆಯ ಮುಂದೆ ಇಡಲು ಹೋದ. ನನ್ನ ತಮ್ಮ ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ, ತೆಗಿರಿ ಅದನ್ನ ಎಂದೆ. ಆಮೇಲೆ ಅದನ್ನು ಅವನೇ ಮೆಟ್ಟಿಲ ಮೇಲೆ ಸೇದಿದ, ದುಡ್ಡು ದಂಡವಾಗಬಾರದಲ್ಲ.

ಚುಟ್ಟ ಹಚ್ಚಬೇಕಾದರೆ ಒಂದು ದಮ್ಮು ಎಳೆಯಲೇಬೇಕು. ನಾನು ಹುಟ್ಟಿ ಅರವತ್ತೆರಡು ವರ್ಷಕ್ಕೆ ಮೊದಲ ಸಲ ಬಾಯಿಗೆ ಚುಟ್ಟ ಇಟ್ಟೆ ಕಣೋ. ಕೆಮ್ಮು ಬರುತ್ತದೆ, ಎಲ್ಲರ ಮುಂದೆ ಮಾನ ಹೋಗುತ್ತದೆ ಎಂದು ಹೆದರಿದ್ದೆ. ಕೆಮ್ಮು ಬರಲಿಲ್ಲ. ಘಾಟಿಲ್ಲ, ಕಹಿಯಿಲ್ಲ. ಬೆಲ್ಲದ ಪಾಕ ಇನ್ನೇನು ತಳ ಹಿಡಿಯುತ್ತದೆ ಅನ್ನುವಾಗ ಬರುವ ಘಮ ಇದೆಯಲ್ಲ, ಅದು ಬಾಯಿ ತುಂಬಿತು. ಆ ಕೆಟ್ಟ ನಾತದ ಕಡ್ಡಿಯೊಳಗೆ ಇಂಥದ್ದೊಂದು ಇತ್ತೇ, ಇದಕ್ಕೇನೋ ನೀನು ವರ್ಷವರ್ಷ ಕಾಯುತ್ತಿದ್ದುದು? ಒಂದು ಗಳಿಗೆ ನನಗೆ ಎಷ್ಟು ಸಂತೋಷವಾಯಿತು ಎಂದರೆ, ತಿರುಗಿ ನಿನಗೆ ಹೇಳಬೇಕೆಂದು ಬಾಯಿ ತೆರೆದೆ. ತಿರುಗಿದರೆ ನಿನ್ನ ಫೋಟೋ ಇತ್ತು. ಚುಟ್ಟವನ್ನು ಸ್ಟೀಲ್ ತಟ್ಟೆಯ ಅಂಚಿಗೆ ಒರಗಿಸಿಟ್ಟು, ಕೈ ಮುಗಿಯದೆ, ಎದ್ದು ಬಂದೆ.

ಎಡೆ ಇಟ್ಟ ಮೇಲೆ ಬಾಗಿಲು ಮುಂದಕ್ಕೆ ಹಾಕಿಕೊಂಡು ಎಲ್ಲರೂ ಹೊರಗೆ ಬರಬೇಕಲ್ಲ, ಹಿರಿಯರು ಬಂದು ಉಂಡು ಹೋಗಲಿ ಅಂತ. ನಾವು ಮೆಟ್ಟಿಲ ಮೇಲೆ ಕೂತೆವು. ಮೇಲಿನ ಮೆಟ್ಟಿಲಿನಲ್ಲಿ ನಾನು, ಪಕ್ಕದಲ್ಲಿ ಸುಮನಾ, ಕೆಳಗೆ ಗಂಗರತ್ನ, ಇನ್ನೂ ಕೆಳಗೆ ರಾಮಾಂಜಿನಯ್ಯ. ನಾನು ನೆಮ್ಮದಿಯಾಗಿದ್ದೆ. ಇನ್ನು ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ಕರಿ ಮೂತಿಯ ಅರ್ಧ ಚುಟ್ಟ ಬಿದ್ದಿರುತ್ತದೆ, ಹಾರವನ್ನು ತಟ್ಟೆಯಿಂದ ಎತ್ತಿ ಅಮ್ಮನ ಫೋಟೋಗೆ ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಎಲ್ಲ ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ವಾಸನೆ ಬಂತು. ಬರುತ್ತಲೇ ಇತ್ತು. ನಾನು ಇನ್ನೇನು ನಿಲ್ಲುತ್ತದೆ, ಇನ್ನೇನು ನಿಲ್ಲುತ್ತದೆ ಎಂದು ಮೂಗರಳಿಸಿ ಕೂತಿದ್ದೆ. ಅದು ನಿಲ್ಲಲಿಲ್ಲ. ಸುಮನಾ ನನ್ನ ಮೊಣಕೈ ಹಿಡಿದುಕೊಂಡು, "ಅತ್ತೆ, ಅಪ್ಪನ ಶರ್ಟಿನ ವಾಸನೆ" ಎಂದಳು. ನಿನ್ನ ಮಗಳು ಆಗ ಅತ್ತಳು. ಆರು ವರ್ಷದಲ್ಲಿ ನಾನು ನೋಡಿದ ಮೊದಲ ಅಳು.

ಆಗ ನನಗೆ ನೆನಪಾಯಿತು, ಆಗಬಾರದ ಹೊತ್ತಿನಲ್ಲಿ. ನಿನ್ನ ಅಂಗಡಿಯಲ್ಲಿ ಒಂದು ಸಲ ಪ್ಯಾಂಟು ಶರ್ಟಿನ ಗಿರಾಕಿಯೊಬ್ಬರಿಗೆ ನೀನು ಹಳೆಯದೊಂದನ್ನು ಹಚ್ಚಿ, ಹಲಗೆಯ ಅಂಚಿನಲ್ಲಿ ಸುಮ್ಮನೆ ಇಟ್ಟು, ಬೇರೆ ವ್ಯಾಪಾರ ನೋಡುತ್ತಾ ನಿಂತಿದ್ದೆ. "ಹದ ಬಂದಿದ್ದು ಎಳೀದಿದ್ರೂ ಉರೀತದೆ ಸಾರ್, ಬೂದಿನೂ ಉದುರಕಿಲ್ಲ, ನೋಡ್ತಾ ಇರಿ" ಎಂದಿದ್ದೆ. ಹಸಿಯದು ಆರುತ್ತದೆ, ಅವಸರದ್ದು ಆರುತ್ತದೆ. ತಾತನಿಗೆ ಅಪ್ಪ ಇಡುತ್ತಿದ್ದುದು ಆವತ್ತೇ ಅಂಗಡಿಯಿಂದ ತಂದ ಹಸಿ ಚುಟ್ಟ. ನಾನು ಇಟ್ಟು ಬಂದದ್ದು ಆರು ವರ್ಷ ಅಮಾವಾಸ್ಯೆ ತಪ್ಪಿಸದೆ ಮಗುಚಿದ್ದು, ಬೋಕಿ ನೆನೆಸಿ ನೆನೆಸಿ ಕಾಪಾಡಿದ್ದು. ನಾನು ಅಷ್ಟು ಚೆನ್ನಾಗಿ ನೋಡಿಕೊಳ್ಳದೆ ಇದ್ದಿದ್ದರೆ ಅದು ಆರುತ್ತಿತ್ತು. ಒಂದು ವರ್ಷ ಸೋಮಾರಿಯಾಗಿದ್ದಿದ್ದರೆ, ಒಂದು ಸಲ ಬೇವಿನ ಸೊಪ್ಪು ತುಂಬಿ ಹಾಳು ಮಾಡಿದ್ದಿದ್ದರೆ ಆರುತ್ತಿತ್ತು. ನೀನು ಬರುತ್ತೀಯ ಎಂದು ಕಾಪಾಡಿದ್ದೇ ನಿನ್ನನ್ನು ಸಾಯಿಸಲು ಒಳಗೆ ಉರಿಯುತ್ತಿತ್ತು. ಎದ್ದು ಓಡಿ ಹೋಗಿ ಒಂದು ಲೋಟ ನೀರು ಸುರಿಯೋಣ ಎಂದುಕೊಂಡೆ. ಹಿರಿಯರು ಉಣ್ಣುವಾಗ ಬಾಗಿಲು ತೆಗೆಯಬಾರದು. ಮಂಡಿಯೂ ಏಳಗೊಡಲಿಲ್ಲ.

ರಾಮಾಂಜಿನಯ್ಯ ಬಾಗಿಲ ಹತ್ತಿರ ಹೋಗಿ ಕೆಮ್ಮಿ, ಮೂರು ಸಲ ತಟ್ಟಿ ತೆಗೆದ. ತಟ್ಟೆಯಲ್ಲಿ ಚುಟ್ಟ ಇರಲಿಲ್ಲ. ಚುಟ್ಟದಷ್ಟೇ ಉದ್ದದ ಬೂದಿ ಇತ್ತು, ಬೆಳ್ಳಗೆ, ಒಂದು ಚೂರೂ ಮುರಿಯದೆ. ಮೇಲೆ ಫ್ಯಾನ್ ತಿರುಗುತ್ತಿತ್ತು, ನಮ್ಮಲ್ಲಿ ಯಾರೂ ಅದನ್ನು ಆರಿಸಿ ಬಂದಿರಲಿಲ್ಲ. "ಬಂದವ್ನೆ. ಪೂರ್ತಿ ಸೇದವ್ನೆ ನೋಡ್ರವ್ವ" ಎಂದು ಅವನು ಅಲ್ಲೇ ನೆಲಕ್ಕೆ ತಲೆ ತಾಗಿಸಿದ. ಒರಟ, ಬಾಯಿಬಡುಕ ಎಂದೆಲ್ಲ ನಾನು ಬೈಯುವ ಆ ಮನುಷ್ಯ ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಹಳೇ ಹೊಗೆಸೊಪ್ಪು ಕಣ್ರೋ, ಹದ ಬಂದಿತ್ತು, ಫ್ಯಾನಿನ ಗಾಳಿಗೆ ಉರೀತು, ಅವನು ಬಂದಿಲ್ಲ, ಏಳ್ರೋ ಮೇಲಕ್ಕೆ ಎಂದು ಹೇಳಲು ನಾಲಿಗೆಯ ತುದಿಗೆ ಬಂತು. ಗಂಗರತ್ನಳ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ತುಂಬ ದೂರದಿಂದ ಬಿಂದಿಗೆ ಹೊತ್ತು ತಂದವಳು ಇಳಿಸಿದ ಮೇಲೆ ನಿಲ್ಲುತ್ತಾಳಲ್ಲ, ಹಾಗೆ ಕೈ ಇಳಿಬಿಟ್ಟು ನಿಂತಿದ್ದಳು. ಆಮೇಲೆ ಕೂತು, ಕಾಲುಂಗುರವನ್ನು ತಾನೇ ತಿರುಗಿಸಿ ತಿರುಗಿಸಿ ತೆಗೆದು, ನಿನ್ನ ಎಲೆಯ ಪಕ್ಕದಲ್ಲಿಟ್ಟು, "ಹೊಟ್ಟೆ ತುಂಬಾ ಉಂಡ್ರಾ?" ಎಂದು ಫೋಟೋವನ್ನು ಕೇಳಿದಳು. ಹಾರವನ್ನು ತಟ್ಟೆಯಿಂದ ಎತ್ತಿ ನಿನ್ನ ಫೋಟೋಗೆ ಹಾಕಿದ್ದು ನಾನೇ ತಿಮ್ಮ. ಬೇರೆ ಯಾರ ಕೈಯಲ್ಲೂ ಹಾಕಿಸಲು ನನಗೆ ಮನಸ್ಸಾಗಲಿಲ್ಲ.

ಆ ರಾತ್ರಿ ಅಮ್ಮ ನಿದ್ದೆ ಮಾಡಿದಳು, ಗೊರಕೆ ಹೊಡೆದಳು ಎಂದು ಸುಮನಾ ಫೋನಿನಲ್ಲಿ ಹೇಳಿದಳು. ಅವಳೂ ಎರಡು ದಿನದಿಂದ ಊಟ ಮಾಡುತ್ತಿದ್ದಾಳೆ. ಗಂಡಿನ ಕಡೆಯವರಿಗೆ ಹೇಳಿಯಾಯಿತು, ಕಾರ್ತೀಕದಲ್ಲಿ ಮುಹೂರ್ತ, ಧಾರೆ ಎರೆದುಕೊಡುವವರು ರಾಮಾಂಜಿನಯ್ಯ ಮತ್ತು ಅವನ ಹೆಂಡತಿ. ಲಗ್ನಪತ್ರಿಕೆಯ ಮಾದರಿಯನ್ನು ನಿನ್ನೆ ವಾಟ್ಸಾಪಿನಲ್ಲಿ ಕಳಿಸಿದ್ದರು. ನಿನ್ನ ಹೆಸರಿಗೆ ಮೊದಲು ದಿ|| ಎಂದು ಅಚ್ಚಾಗಿದೆ. ಒಂದೇ ಅಕ್ಷರ, ಎರಡು ಗೀಟು. ಅಂಗನವಾಡಿಯಲ್ಲಿ ಮಕ್ಕಳಿಗೆ ದ ತಿದ್ದಿಸಿದವಳು ನಾನು, ಆ ಅಕ್ಷರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ, ತಪ್ಪೇನೂ ಇರಲಿಲ್ಲ. ಸರಿಯಾಗಿದೆ ಎಂದು ಉತ್ತರ ಕಳಿಸಿದೆ. ನಾನು ಹಾಗೆ ಬರೆದುಬಿಟ್ಟೆ.

ಈಗ ನನಗೆ ಏನು ಮಾಡಬೇಕೋ ತೋಚುತ್ತಿಲ್ಲ. ಇಷ್ಟು ದಿನ ಕಾಯುವ ಕೆಲಸವಾದರೂ ಇತ್ತು. ಪೆಟ್ಟಿಗೆಯ ಮುಂದೆ ಹೋಗಿ ಕೂತರೆ ಮುಚ್ಚಳ ತೆಗೆಯಲು ಕೈ ಬರುವುದಿಲ್ಲ. ಹದವಾದದ್ದಕ್ಕೇ ಅದು ಉರಿಯಿತು, ಬೇರೇನಿಲ್ಲ ಎಂದು ಹಗಲೆಲ್ಲ ಹೇಳಿಕೊಳ್ಳುತ್ತೇನೆ. ಆದರೆ ಆ ಬೂದಿ, ತಿಮ್ಮ, ಅಷ್ಟು ಗಾಳಿಯಲ್ಲಿ ಒಂದು ಚೂರೂ ಅಲುಗದೆ ಇತ್ತಲ್ಲ. ಯಾರೋ ಮೆಲ್ಲಗೆ ಸೇದಿ ಮೆಲ್ಲಗೆ ಇಟ್ಟ ಹಾಗೆ. ಇಂಥದ್ದನ್ನು ಕೇಳಿ ತಿಳಿಯೋಣ ಎಂದರೆ ಇದು ಗೊತ್ತಿರುವವನು ಈ ತಾಲ್ಲೂಕಿನಲ್ಲೇ ನೀನೊಬ್ಬ. ದೇವರಾಣೆ ನನಗೆ ಗೊತ್ತಾಗುತ್ತಿಲ್ಲ. ನಾನು ಬರೆಯುತ್ತಿರುವುದು ಹಿಂದೂಪುರದಲ್ಲಿ ಲೋಟ ತೊಳೆಯುವವನಿಗೋ, ತುಮಕೂರಿನಲ್ಲಿ ಬಂದು ಉಂಡು ಹೋದವನಿಗೋ ಅನ್ನುವುದೇ ಇವತ್ತು ನನಗೆ ತಿಳಿಯದು.

ಎಲ್ಲಿದ್ದರೂ ಹೊಟ್ಟೆ ತುಂಬಾ ಉಣ್ಣು, ಬೆಚ್ಚಗೆ ಮಲಗು. ಪಕ್ಕದ ಮನೆಯ ಚೆನ್ನಮ್ಮಜ್ಜಿ ನಿನ್ನನ್ನು ಕೇಳಿದಳು ಎಂದು ಪ್ರತಿ ಸಲ ಬರೆಯುತ್ತಿದ್ದೆ, ಈ ಸಲ ಅವಳು ಕೇಳಲಿಲ್ಲ, ಸುದ್ದಿ ಗುಬ್ಬಿಗೂ ಬಂದಿದೆ. ನಿನ್ನ ಅಕ್ಕನ ಆಯಸ್ಸೂ ನಿನಗೇ ಇರಲಿ.

ಇಂತಿ ನಿನ್ನ ಅಕ್ಕ,
ಸಿದ್ದಗಂಗಮ್ಮ

ಮರೆತೆ. ಪೋಸ್ಟ್ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇಷ್ಟು ವರ್ಷ ಬಾ ಬಾ ಎಂದು ಬರೆದವಳೇ ಬರೆಯುತ್ತಿದ್ದೇನೆ, ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ. ಈ ಕಾಗದ ಓದಿ ಮಗಳ ಮದುವೆ ನೋಡಬೇಕೆಂದು ಆಸೆಯಾದರೂ ಬರಬೇಡ ಕಣೋ. ಛತ್ರದ ಹತ್ತಿರವೂ ಸುಳಿಯಬೇಡ. ಗಂಗರತ್ನಳ ಮುಂದೆ ಯಾವತ್ತೂ ನಿಲ್ಲಬೇಡ, ಅವಳು ಇನ್ನೊಂದು ಸಲ ತಡೆಯಲಾರಳು. ಮದುವೆಯೆಲ್ಲ ಮುಗಿದ ಮೇಲೆ ಗುಬ್ಬಿಗೆ ಬಾ. ಹಗಲು ಬೇಡ, ಬೀದಿ ಬಾಗಿಲೂ ಬೇಡ. ಹಿತ್ತಲ ಕಡೆಯಿಂದ ಬಾ.